ಎಸ್‌ಎಸ್ ಫ್ರಾನ್ಸ್: ಸೇಂಟ್ ನಜೇರ್‌ನಿಂದ ಅಲಂಗ್‌ವರೆಗೆ

2006ರ ಆಗಸ್ಟ್ 15ರಂದು, ಹಳೆಯ ಹಡಗುಗಳನ್ನು ಒಡೆಯುವ ಗುಜರಾತಿನ ಅಲಂಗ್ ದಡಕ್ಕೆ ಒಂದು ಹಡಗು ಬಂದು ಕೂತಿತು. ಅದು ತಾನಾಗಿ ಬಂದದ್ದಲ್ಲ, ಟಗ್‌ಗಳು ಎಳೆದು ತಂದದ್ದು. ಅದರ ಬಾಯ್ಲರ್ ಒಡೆದು ಮೂರು ವರ್ಷ ದಾಟಿತ್ತು. ಕಾಗದದಲ್ಲಿ ಅದರ ಹೆಸರು ಬ್ಲೂ ಲೇಡಿ. ಅದಕ್ಕೂ ಹಿಂದೆ ನಾರ್ವೆ. ಇನ್ನೂ ಹಿಂದೆ, ಅದು ಹುಟ್ಟಿದಾಗ, ಫ್ರಾನ್ಸ್. ಒಂದು ಕಾಲಕ್ಕೆ ಜಗತ್ತಿನಲ್ಲೇ ಅತಿ ಉದ್ದದ ಪ್ರಯಾಣಿಕ ಹಡಗು ಅದು: 315 ಮೀಟರಿಗೂ ಸ್ವಲ್ಪ ಜಾಸ್ತಿ. ಅದರ ಹೊಟ್ಟೆಯಲ್ಲಿ ಆಗ 1,200 ಟನ್‌ಗೂ ಹೆಚ್ಚು ಆಸ್ಬೆಸ್ಟಾಸ್, ಅಂದರೆ ಕಲ್ನಾರು, ಇದೆ ಎಂಬ ಅಂದಾಜಿತ್ತು.

ಅಟ್ಲಾಂಟಿಕ್ ದಾಟಲು ಕಟ್ಟಿದ ಹಡಗು ಖಂಭಾತ್ ಕೊಲ್ಲಿಯ ಕೆಸರಿಗೆ ಬಂದದ್ದು ಹೇಗೆ? ಯಾರೋ ಒಬ್ಬರು ಕೂತು ಮಾಡಿದ ತೀರ್ಮಾನ ಇದಲ್ಲ. ಐವತ್ತು ವರ್ಷಗಳಲ್ಲಿ ಬೇರೆ ಬೇರೆ ದೇಶಗಳಲ್ಲಿ ಹಲವು ತೀರ್ಮಾನಗಳಾದವು. ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದಕ್ಕೂ ಒಂದು ಕಾರಣ ಸಿಗುತ್ತದೆ. ಸಾಲಾಗಿಟ್ಟು ನೋಡಿದಾಗ ಮಾತ್ರ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಹಡಗು ಕೈ ಬದಲಾದಾಗಲೆಲ್ಲ ಲಾಭ ಹಳೆಯ ಯಜಮಾನರ ಬಳಿಯೇ ಉಳಿಯಿತು, ಖರ್ಚು ಮುಂದಿನವರ ತಲೆಗೆ ಬಂತು. ಸಾಲಿನ ಕೊನೆಯಲ್ಲಿ ನಿಂತವರು ಅಲಂಗ್‌ನ ಕೂಲಿಗಳು.

ತಡವಾಗಿ ಹುಟ್ಟಿದ ಹಡಗು

ಲೈನರ್ ಹಡಗು ನಮ್ಮ ಲೈನ್ ಬಸ್ಸಿನ ಹಾಗೆ. ಎರಡು ಊರು, ಗೊತ್ತಾದ ವೇಳೆ. ಮಳೆಯಿರಲಿ, ಬಿರುಗಾಳಿಯಿರಲಿ, ಹೊರಡಲೇಬೇಕು. ಅದಕ್ಕೇ ಲೈನರ್‌ಗಳಿಗೆ ದಪ್ಪ ಉಕ್ಕು, ಚೂಪು ಮೂತಿ, ಭಾರಿ ಎಂಜಿನ್ ಇರುತ್ತಿದ್ದವು. ಕ್ರೂಸ್ ಹಡಗುಗಳದ್ದು ಬೇರೆಯೇ ಕಥೆ. ಅವು ಬಿಸಿಲಿದ್ದ ಕಡೆ ತಿರುಗಾಡಿಸಿ ಕರೆತರುತ್ತವೆ.

ಫ್ರಾನ್ಸ್ ಹಡಗಿನ ಅಡಿಪಾಯದ ಉಕ್ಕನ್ನು 1957ರಲ್ಲಿ ಸೇಂಟ್ ನಜೇರ್‌ನ ಹಡಗುಕಟ್ಟೆಯಲ್ಲಿ ಇಟ್ಟರು. ಮರುವರ್ಷ, 1958ರ ಅಕ್ಟೋಬರ್‌ನಲ್ಲಿ, ಜೆಟ್ ವಿಮಾನಗಳು ಪ್ರಯಾಣಿಕರನ್ನು ಹೊತ್ತು ಅಟ್ಲಾಂಟಿಕ್ ದಾಟತೊಡಗಿದವು. ಹಡಗಿಗೆ ಐದು ದಿನ ಹಿಡಿಯುತ್ತಿದ್ದ ದಾರಿ ವಿಮಾನಕ್ಕೆ ಕೆಲವೇ ಗಂಟೆಯದಾಯಿತು. ಕಟ್ಟುವವರಿಗೂ ಇದು ಕಾಣುತ್ತಿತ್ತು. ಆದರೆ ಫ್ರಾನ್ಸ್ ಸರ್ಕಾರಕ್ಕೆ ಅದು ಬರೀ ಸಾರಿಗೆಯ ಲೆಕ್ಕವಾಗಿರಲಿಲ್ಲ. ಯುದ್ಧದಲ್ಲಿ ಸೋತು, ಆಕ್ರಮಣ ಅನುಭವಿಸಿ ಎದ್ದು ನಿಂತ ದೇಶಕ್ಕೆ ತನ್ನ ಕೈಚಳಕ ತೋರಿಸುವ ಆಸೆಯಿತ್ತು. 1960ರ ಮೇ 11ರಂದು ಹಡಗು ನೀರಿಗಿಳಿಯಿತು. ಹೆಸರಿಟ್ಟವರು ಅಧ್ಯಕ್ಷ ಚಾರ್ಲ್ಸ್ ಡಿ ಗಾಲ್ ಅವರ ಪತ್ನಿ ಇವಾನ್. ಅಧ್ಯಕ್ಷರೂ ಅಲ್ಲೇ ಇದ್ದರು. 1962ರ ಫೆಬ್ರವರಿ 3ರಂದು ಲೆ ಹಾವ್ರ್ ಬಂದರಿನಿಂದ ನ್ಯೂಯಾರ್ಕಿಗೆ ಅದರ ಮೊದಲ ಪ್ರಯಾಣ.

ಈ ಹಡಗಿನ ಕೊನೆಯ ಜಗಳದ ಬೇರು ಅದು ಹುಟ್ಟಿದಾಗಲೇ ಬಿದ್ದಿತ್ತು. ಈ ಹಡಗನ್ನು ಓಡಿಸಿದ ಕಂಪನಿಯ ಹಿಂದಿನ ಹೆಮ್ಮೆ ನಾರ್ಮಂಡಿ ಎಂಬ ಹಡಗು. 1942ರಲ್ಲಿ ನ್ಯೂಯಾರ್ಕ್ ಬಂದರಿನಲ್ಲೇ ಅದಕ್ಕೆ ಬೆಂಕಿ ಬಿತ್ತು. ಅದು ಮಗುಚಿಕೊಂಡಿತು, ಮತ್ತೆಂದೂ ಪ್ರಯಾಣ ಹೊರಡಲೇ ಇಲ್ಲ. ಹೊಸ ಹಡಗು ಕಟ್ಟುವವರ ಮನಸ್ಸಿನಲ್ಲಿ ಆ ಬೆಂಕಿ ಇನ್ನೂ ಆರಿರಲಿಲ್ಲ. ಹೀಗಾಗಿ ಫ್ರಾನ್ಸ್‌ನ ಒಳಾಂಗಣದಲ್ಲಿ ಮರವನ್ನು ಆದಷ್ಟು ದೂರ ಇಟ್ಟರು. ಅಲ್ಯೂಮಿನಿಯಂ, ಪ್ಲಾಸ್ಟಿಕ್ ಹೊದಿಕೆ, ಬೆಂಕಿ ಹತ್ತದ ಬಟ್ಟೆ ಬಂದವು. ಕ್ಯಾಬಿನ್‌ಗಳ ಗೋಡೆಯ ಹಲಗೆಗಳಲ್ಲಿ, ಕೊಳವೆಗಳ ಸುತ್ತ, ಬಾಯ್ಲರ್ ಕೋಣೆಗಳಲ್ಲಿ ಕಲ್ನಾರು ತುಂಬಿದರು. ಆ ಕಾಲಕ್ಕೆ ಬೆಂಕಿ ತಡೆಯಲು ಅದಕ್ಕಿಂತ ಒಳ್ಳೆಯ ಅಗ್ಗದ ವಸ್ತು ಇರಲಿಲ್ಲ. ಪ್ರಯಾಣಿಕರನ್ನು ಉಳಿಸಲು ಹಾಕಿದ್ದು ಅದು. ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಡಗು ಕಟ್ಟಿದವರು ದುರುದ್ದೇಶದಿಂದ ವಿಷ ತುಂಬಿದರು ಎಂಬ ಅರ್ಥದಲ್ಲಿ ಈ ಕಥೆಯನ್ನು ಹೇಳುವವರಿದ್ದಾರೆ. ಅದು ಸರಿಯಲ್ಲ. ತಪ್ಪು ನಡೆದದ್ದು ಆಮೇಲೆ, ಅದು ವಿಷವೆಂದು ಎಲ್ಲರಿಗೂ ಗೊತ್ತಾದ ಮೇಲೆ.

ಹನ್ನೆರಡು ವರ್ಷದ ದರ್ಬಾರು

ಫ್ರಾನ್ಸ್ 66,000 ಟನ್ನಿನ ಹಡಗು (ಇದು ತೂಕವಲ್ಲ, ಹಡಗಿನ ಒಳಗಿನ ಜಾಗದ ಲೆಕ್ಕ). ಎಂಟು ಬಾಯ್ಲರ್, ನಾಲ್ಕು ಪ್ರೊಪೆಲ್ಲರ್, 30 ನಾಟ್ (ಗಂಟೆಗೆ ಸುಮಾರು 55 ಕಿ.ಮೀ.) ದಾಟುವ ವೇಗ. ಸುಮಾರು 2,000 ಪ್ರಯಾಣಿಕರಿಗೆ 1,100ರಷ್ಟು ಸಿಬ್ಬಂದಿ, ಅಂದರೆ ಇಬ್ಬರಿಗೆ ಒಬ್ಬರು. ಎರಡು ದೊಡ್ಡ ಚಿಮಣಿಗಳಿಗೆ ಎಡಬಲಕ್ಕೆ ರೆಕ್ಕೆ ಇಟ್ಟಿದ್ದರು. ಹೊಗೆ ಆ ರೆಕ್ಕೆಗಳ ತುದಿಯಿಂದ ಆಚೆಗೆ ಹೋಗುತ್ತಿತ್ತು, ಡೆಕ್ಕಿನ ಮೇಲೆ ಕೂತವರ ಮೇಲೆ ಮಸಿ ಬೀಳುತ್ತಿರಲಿಲ್ಲ. ಆ ರೆಕ್ಕೆಗಳಿಂದಲೇ ದೂರದಿಂದ ಅದರ ಗುರುತು ಸಿಗುತ್ತಿತ್ತು. ಮೊದಲ ದರ್ಜೆಯ ಊಟದ ಹಾಲ್ ಶಾಂಬೋರ್‌ಗೆ ಒಂದು ಮೆಟ್ಟಿಲಸಾಲಿನಿಂದ ಇಳಿದು ಬರಬೇಕಿತ್ತು. ಕೂತವರೆಲ್ಲ ಇಳಿದು ಬರುವವರನ್ನು ನೋಡುವಂತೆ ಅದರ ಏರ್ಪಾಟಾಗಿತ್ತು. ನಾಯಿಗಳಿಗೂ ಬೇರೆ ಜಾಗವಿತ್ತು. ಅಲ್ಲಿ ಅಮೆರಿಕದ ನಾಯಿಗಳಿಗೆ ನ್ಯೂಯಾರ್ಕಿನ ಬೀದಿಯ ಬೆಂಕಿ ಆರಿಸುವ ಕೊಳಾಯಿ, ಫ್ರೆಂಚ್ ನಾಯಿಗಳಿಗೆ ಅವರ ಊರಿನ ಮೈಲಿಗಲ್ಲು ನೆಟ್ಟಿದ್ದರು.

1962ರ ಡಿಸೆಂಬರ್‌ನಲ್ಲಿ ಈ ಹಡಗು ಮೊನಾಲಿಸಾಳನ್ನೂ ಹೊತ್ತಿತು. ಲಿಯೊನಾರ್ಡೊನ ಆ ಚಿತ್ರ ಅಮೆರಿಕದಲ್ಲಿ ಪ್ರದರ್ಶನಕ್ಕೆ ಹೊರಟಿತ್ತು. ವಿಶೇಷ ಪೆಟ್ಟಿಗೆಯಲ್ಲಿಟ್ಟು, ಕ್ಯಾಬಿನ್ನಿಗೆ ಕಾವಲು ಹಾಕಿ, ಲೆ ಹಾವ್ರ್‌ನಿಂದ ನ್ಯೂಯಾರ್ಕಿಗೆ ಒಯ್ದರು. ದೇಶ ತನ್ನ ಅತಿ ಬೆಲೆಬಾಳುವ ವಸ್ತುವನ್ನು ಈ ಹಡಗನ್ನು ನಂಬಿ ಕಳಿಸಿತ್ತು.

ಇಷ್ಟಾದರೂ ದುಡ್ಡಿನ ಲೆಕ್ಕ ಕೂಡಿಬರಲಿಲ್ಲ. ವರ್ಷವರ್ಷವೂ ಸರ್ಕಾರ ಸಹಾಯಧನ ಕೊಡಬೇಕಾಗಿತ್ತು. ಚಳಿಗಾಲದಲ್ಲಿ ಅಟ್ಲಾಂಟಿಕ್‌ಗೆ ಜನ ಸಿಗದಿದ್ದಾಗ ಕ್ರೂಸ್ ಕಳಿಸಿದರು. 1972ರಲ್ಲಿ ಒಮ್ಮೆ, 1974ರಲ್ಲಿ ಮತ್ತೊಮ್ಮೆ ಪ್ರಪಂಚ ಸುತ್ತಿಸಿದರು. ಪನಾಮಾ ಕಾಲುವೆಯ ಬಾಗಿಲುಗಳಲ್ಲಿ ಅದು ಹಿಡಿಸುತ್ತಿರಲಿಲ್ಲ. ಹಾಗಾಗಿ ದಕ್ಷಿಣ ಅಮೆರಿಕದ ತುದಿ ಬಳಸಿಕೊಂಡೇ ಹೋಗಬೇಕಾಯಿತು. ಚಳಿಸಮುದ್ರಕ್ಕೆ ಕಟ್ಟಿದ ಹಡಗು ಬೇರೆ, ಹೊರಗೆ ಬಿಸಿಲಿಗೆ ಮೈಯೊಡ್ಡಿ ಕೂರುವ ಜಾಗ ಕಡಿಮೆ.

1973ರ ಕೊನೆಗೆ ಎಣ್ಣೆ ಬಿಕ್ಕಟ್ಟು ಬಂತು. ಪೀಪಾಯಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾ ತೈಲ ಕೆಲವೇ ತಿಂಗಳಲ್ಲಿ 12 ಡಾಲರಿನ ಹತ್ತಿರ ಹೋಯಿತು. ಎಂಟು ಬಾಯ್ಲರ್‌ಗಳ ಹಸಿವು ಮಾತ್ರ ಮೊದಲಿನಷ್ಟೇ ಇತ್ತು. 1974ರಲ್ಲಿ ಹೊಸದಾಗಿ ಬಂದ ಜಿಸ್ಕಾರ್ ದೆಸ್ತೆ ಅವರ ಸರ್ಕಾರ ಸಹಾಯಧನ ನಿಲ್ಲಿಸಿತು. ಆಗ ಪ್ರಧಾನಿಯಾಗಿದ್ದವರು ಜಾಕ್ ಶಿರಾಕ್. ಈ ಹೆಸರು ಮುಂದೆ ಮತ್ತೆ ಬರುತ್ತದೆ.

ಸಿಬ್ಬಂದಿ ಸುಮ್ನೆ ಕೂರಲಿಲ್ಲ. 1974ರ ಸೆಪ್ಟೆಂಬರ್‌ನಲ್ಲಿ ಹಡಗು ಪ್ರಯಾಣಿಕರ ಸಮೇತ ಲೆ ಹಾವ್ರ್‌ಗೆ ಹಿಂದಿರುಗುತ್ತಿದ್ದಾಗ ಅವರು ಅದನ್ನು ವಶಕ್ಕೆ ತೆಗೆದುಕೊಂಡು ಬಂದರಿನ ದಾರಿಯಲ್ಲೇ ಲಂಗರು ಹಾಕಿಸಿದರು. ಪ್ರಯಾಣಿಕರನ್ನು ಬೇರೆ ದೋಣಿಯಲ್ಲಿ ದಡ ಸೇರಿಸಬೇಕಾಯಿತು. ಹೋರಾಟ ವಾರಗಟ್ಟಲೆ ನಡೆಯಿತು. ಹಡಗು ಉಳಿಯಲಿಲ್ಲ. ಲೆ ಹಾವ್ರ್‌ನ ಒಂದು ಮೂಲೆಯ ಕಟ್ಟೆಗೆ ಅದನ್ನು ಕಟ್ಟಿ ಹಾಕಿದರು. ಊರವರು ಆ ಕಟ್ಟೆಯನ್ನು ಮರೆವಿನ ಕಟ್ಟೆ ಎಂದು ಕರೆದರು. ಹೆಚ್ಚುಕಡಿಮೆ ಐದು ವರ್ಷ ಅದು ಅಲ್ಲೇ ನಿಂತಿತ್ತು. ನಡುವೆ 1977ರಲ್ಲಿ ಸೌದಿಯ ಉದ್ಯಮಿ ಅಕ್ರಮ್ ಒಜ್ಜೆ ಅದನ್ನು ಕೊಂಡರು. ತೇಲುವ ಮ್ಯೂಸಿಯಂ, ಕ್ಯಾಸಿನೊ ಮಾಡುವ ಯೋಚನೆಯಿತ್ತು. ಅದು ಯೋಚನೆಯಾಗಿಯೇ ಉಳಿಯಿತು.

ಎರಡನೆಯ ಬದುಕು

1979ರಲ್ಲಿ ನಾರ್ವೆಯ ಕ್ನೂಟ್ ಕ್ಲೋಸ್ಟರ್ ಅವರ ನಾರ್ವೇಜಿಯನ್ ಕೆರಿಬಿಯನ್ ಲೈನ್ ಈ ಹಡಗನ್ನು 18 ಮಿಲಿಯನ್ ಡಾಲರಿಗೆ ಕೊಂಡಿತು. ಕೊಂಡ ಬೆಲೆಯ ಹಲವು ಪಟ್ಟು ಸುರಿದು ಜರ್ಮನಿಯ ಬ್ರೆಮರ್‌ಹಾಫೆನ್‌ನಲ್ಲಿ ಅದನ್ನು ಬದಲಿಸಿದರು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತಿ ಧೈರ್ಯದ ತೀರ್ಮಾನ ಇದೇ. ಆಗ ಕೆರಿಬಿಯನ್‌ನಲ್ಲಿ ಓಡುತ್ತಿದ್ದ ಬಹುತೇಕ ಕ್ರೂಸ್ ಹಡಗುಗಳು ಇದರ ಅರ್ಧದಷ್ಟೂ ಇರಲಿಲ್ಲ. ಇಷ್ಟು ದೊಡ್ಡ ಹಡಗು ತುಂಬುವಷ್ಟು ಜನ ಎಲ್ಲಿಂದ ಬರುತ್ತಾರೆ ಎಂದು ಉಳಿದವರು ಕೇಳಿದರು. ಹಡಗೇ ಜನರನ್ನು ಕರೆಸುತ್ತದೆ ಎಂಬುದು ಕ್ಲೋಸ್ಟರ್ ಅವರ ನಂಬಿಕೆ. ಇವತ್ತಿನ ದೈತ್ಯ ಕ್ರೂಸ್ ಹಡಗುಗಳೆಲ್ಲ ಆ ನಂಬಿಕೆಯ ಮೇಲೇ ನಿಂತಿವೆ.

ಎಂಜಿನ್ ವಿಭಾಗದಲ್ಲಿ ಅವರು ಮಾಡಿದ ಕೆಲಸವನ್ನು ಗಮನಿಸಬೇಕು. ಕೆರಿಬಿಯನ್‌ನಲ್ಲಿ 30 ನಾಟ್ ಯಾರಿಗೂ ಬೇಡ. ಮುಂದಿನ ಎಂಜಿನ್ ಕೋಣೆ ಮುಚ್ಚಿದರು. ಎಂಟು ಬಾಯ್ಲರ್‌ಗಳಲ್ಲಿ ನಾಲ್ಕು, ನಾಲ್ಕು ಪ್ರೊಪೆಲ್ಲರ್‌ಗಳಲ್ಲಿ ಎರಡು ಉಳಿದವು. ಎಣ್ಣೆಯ ಖರ್ಚು ಇಳಿಯಿತು. ಮುಚ್ಚಿದ್ದ ಡೆಕ್‌ಗಳು ತೆರೆದುಕೊಂಡವು, ಈಜುಕೊಳ ಬಂತು, ಅಂಗಡಿ ಸಾಲು ಬಂತು. ಹಡಗು ಆಳವಾಗಿ ಮುಳುಗಿ ಸಾಗುತ್ತಿದ್ದುದರಿಂದ ಸಣ್ಣ ದ್ವೀಪಗಳ ಕಟ್ಟೆಗೆ ಹೋಗಲು ಆಗುತ್ತಿರಲಿಲ್ಲ. ಅದಕ್ಕಾಗಿ ಮುಂದಿನ ಡೆಕ್ ಮೇಲೆ ಎರಡು ದೊಡ್ಡ ದೋಣಿಗಳನ್ನೇ ಹೊತ್ತೊಯ್ದು, ಅವುಗಳಲ್ಲಿ ಜನರನ್ನು ದಡಕ್ಕೆ ಬಿಡುತ್ತಿದ್ದರು. 1980ರಲ್ಲಿ ಓಸ್ಲೊದಲ್ಲಿ ನಾರ್ವೆ ಎಂಬ ಹೆಸರು ಬಂತು. ಮಯಾಮಿಯಿಂದ ವಾರಕ್ಕೊಂದು ಸುತ್ತು ಶುರುವಾಯಿತು.

ಹೀಗೆ ಅದು ಇಪ್ಪತ್ತಮೂರು ವರ್ಷ ದುಡಿಯಿತು. ಫ್ರಾನ್ಸ್ ಆಗಿ ಕಳೆದ ಕಾಲದ ಹತ್ತಿರಹತ್ತಿರ ಎರಡು ಪಟ್ಟು. 1988ರಲ್ಲಿ ಅದಕ್ಕಿಂತ ದೊಡ್ಡ ಸಾವರಿನ್ ಆಫ್ ದ ಸೀಸ್ ಬಂದಾಗ, 1990ರಲ್ಲಿ ನಾರ್ವೆಯ ಮೇಲೆ ಇನ್ನೆರಡು ಅಂತಸ್ತು ಏರಿಸಿದರು. ಟನ್ನಿನ ಲೆಕ್ಕ 76,000ದ ಆಸುಪಾಸಿಗೆ ಹೋಯಿತು. ಹಳೆಯ ಚೆಂದದ ಮೈಕಟ್ಟು ಕೆಟ್ಟಿತೆಂದು ಹಡಗುಪ್ರಿಯರು ಬೇಸರ ಮಾಡಿಕೊಂಡರು. ಬೇಸರಕ್ಕೆ ಕಾರಣ ಇತ್ತು. ಆದರೆ ಆ ಎರಡು ಅಂತಸ್ತುಗಳ ಕ್ಯಾಬಿನ್‌ಗಳ ದುಡ್ಡೇ ಹಡಗನ್ನು ಗುಜರಿಯಿಂದ ಇನ್ನಷ್ಟು ವರ್ಷ ದೂರ ಇಟ್ಟಿತು ಅನ್ನುವುದೂ ನಿಜ ಅಲ್ವಾ?

ಮಯಾಮಿಯ ಆ ಬೆಳಗ್ಗೆ

2003ರ ಮೇ 25. ಹಡಗು ಕೆರಿಬಿಯನ್ ಸುತ್ತು ಮುಗಿಸಿ ಬೆಳಗಿನ ಹೊತ್ತಿಗೆ ಮಯಾಮಿ ಬಂದರಿಗೆ ಬಂದು ನಿಂತಿತ್ತು. 2,000ಕ್ಕೂ ಹೆಚ್ಚು ಪ್ರಯಾಣಿಕರು ಮೇಲಿದ್ದರು. ಆರೂವರೆ ದಾಟಿದ ಸ್ವಲ್ಪ ಹೊತ್ತಿಗೆ ಕೆಳಗೆ 23ನೇ ನಂಬರಿನ ಬಾಯ್ಲರ್ ಒಡೆಯಿತು. ಒತ್ತಡದಲ್ಲಿದ್ದ ಕುದಿನೀರು ಒಮ್ಮೆಲೇ ಹೊರಬಿದ್ದರೆ ಆ ಕ್ಷಣವೇ ಹಬೆಯಾಗಿ ಸಾವಿರ ಪಟ್ಟಿಗೂ ಮೀರಿ ಹಿಗ್ಗುತ್ತದೆ. ಬಾಯ್ಲರ್ ಕೋಣೆಯಿಂದ ಆ ಹಬೆ ಮೇಲೆ ಸಿಬ್ಬಂದಿ ಮಲಗುವ ಕಡೆಗೂ ನುಗ್ಗಿತು. ಪ್ರಯಾಣಿಕರಲ್ಲಿ ಯಾರಿಗೂ ಪೆಟ್ಟಾಗಲಿಲ್ಲ. ಸಿಬ್ಬಂದಿಯಲ್ಲಿ ಎಂಟು ಜನ ಸತ್ತರು. ಕೆಲವರು ಅಲ್ಲೇ, ಕೆಲವರು ಸುಟ್ಟ ಗಾಯಗಳಿಂದ ಆಮೇಲೆ. ಇನ್ನೂ ಹಲವರಿಗೆ ಗಂಭೀರ ಗಾಯವಾಯಿತು. ಅಲ್ಲಿ ದುಡಿಯುತ್ತಿದ್ದವರಲ್ಲಿ ಫಿಲಿಪ್ಪೀನ್ಸ್‌ನವರು ಬಹಳ.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ತನಿಖೆ ಮಾಡಿ 2007ರಲ್ಲಿ ವರದಿ ಕೊಟ್ಟಿತು. ಕಂಪನಿ ಬಾಯ್ಲರ್ ನಡೆಸಿದ ರೀತಿ, ನೋಡಿಕೊಂಡ ರೀತಿ, ಪರೀಕ್ಷೆ ಮಾಡಿದ ರೀತಿ ಮೂರೂ ಸಾಲದಾಗಿತ್ತು. ವರ್ಷಗಳಿಂದ ಲೋಹ ತುಕ್ಕು ತಿಂದು, ದಣಿದು, ಬಿರುಕು ಬೆಳೆದಿತ್ತು. ಅದೇ ಒಡೆಯಲು ಕಾರಣ. ಇದನ್ನು ಓದುವಾಗ ನೆನಪಿಡಬೇಕಾದದ್ದು ಒಂದಿದೆ. ಆ ಬಾಯ್ಲರ್‌ಗಳು ಲೈನರ್‌ನವು. ಒಮ್ಮೆ ಬಿಸಿಯೇರಿದರೆ ಸಮುದ್ರ ದಾಟುವವರೆಗೆ ಒಂದೇ ಸಮನೆ ಉರಿಯಲು ಮಾಡಿದವು. ಕ್ರೂಸ್ ಕೆಲಸದಲ್ಲಿ ವಾರವಾರವೂ ಬಿಸಿಯಾಗಬೇಕು, ತಣಿಯಬೇಕು, ಮತ್ತೆ ಬಿಸಿಯಾಗಬೇಕು. ಪ್ರತಿ ಸಲವೂ ಲೋಹ ಹಿಗ್ಗಿ ಕುಗ್ಗುತ್ತದೆ. ಹಾಗೆ ದುಡಿಸುವುದಾದರೆ ನಿಗಾ ಇನ್ನೂ ಜಾಸ್ತಿ ಬೇಕಿತ್ತು. ಆದದ್ದು ಕಡಿಮೆ. 2008ರಲ್ಲಿ ಕಂಪನಿ ಘೋರ ನಿರ್ಲಕ್ಷ್ಯದ ಆರೋಪದಲ್ಲಿ ತಪ್ಪೊಪ್ಪಿಕೊಂಡಿತು. 10 ಲಕ್ಷ ಡಾಲರ್ ದಂಡ ಬಿತ್ತು. ಸತ್ತವರ ಮನೆಯವರಿಗೆ, ಗಾಯಗೊಂಡವರಿಗೆ ಪರಿಹಾರ ಬೇರೆ.

ಮೇಲಿನ ಡೆಕ್‌ಗಳಿಗೆ ಹೊಸ ಕ್ಯಾಬಿನ್, ಹೊಸ ಬಣ್ಣ, ಹೊಸ ಅಂತಸ್ತು ಬಂದ ವರ್ಷಗಳಲ್ಲೇ ಕೆಳಗೆ ಬಿರುಕು ಬೆಳೆಯುತ್ತಿತ್ತು. ಪ್ರಯಾಣಿಕರ ಕಣ್ಣಿಗೆ ಬೀಳುವ ಕಡೆ ದುಡ್ಡು ಹೋಯಿತು. ಕಣ್ಣಿಗೆ ಬೀಳದ ಕಡೆ ದುಡಿಯುವವರು ಅದರ ಬೆಲೆ ತೆತ್ತರು. ಅಲಂಗ್‌ನ ಕಥೆಯನ್ನು ಮಯಾಮಿಯಿಂದ ಬೇರೆ ಮಾಡಿ ನೋಡಲು ನನಗೆ ಆಗುವುದಿಲ್ಲ. ಎರಡೂ ಕಡೆ ಕೆಲಸ ಮಾಡಿದ್ದು ಒಂದೇ ಲೆಕ್ಕಾಚಾರ.

ಯಾರಿಗೂ ಬೇಡವಾದ ಮೂರು ವರ್ಷ

ಒಡೆದ ಹಡಗನ್ನು 2003ರಲ್ಲಿ ಮಯಾಮಿಯಿಂದ ಬ್ರೆಮರ್‌ಹಾಫೆನ್‌ಗೆ ಎಳೆದುಕೊಂಡು ಹೋದರು. ದುರಸ್ತಿಯ ಮಾತು ಬಂತು, ಹೋಯಿತು. ಹಡಗು ಅಲ್ಲಿಯೇ ನಿಂತಿತು. ಇಲ್ಲಿ ಒಂದು ಕಾನೂನಿನ ತೊಡಕು ಎದುರಾಯಿತು. ಬಾಸೆಲ್ ಒಪ್ಪಂದ ಮತ್ತು ಯುರೋಪಿನ ನಿಯಮಗಳ ಪ್ರಕಾರ ವಿಷಕಾರಿ ತ್ಯಾಜ್ಯವನ್ನು ಯುರೋಪಿನಿಂದ ಬಡ ದೇಶಗಳಿಗೆ ಸಾಗಿಸುವಂತಿಲ್ಲ. ಒಡೆಯಲು ಹೊರಟ, ಕಲ್ನಾರು ತುಂಬಿದ ಹಡಗು ತ್ಯಾಜ್ಯವೇ. ಆದರೆ ಒಡೆಯಲು ಅಲ್ಲ, ಬಳಸಲು ಹೊರಟ ಹಡಗು ಬರೀ ಹಡಗು. ಎರಡಕ್ಕೂ ಇರುವ ಅಂತರ ಯಜಮಾನರ ಉದ್ದೇಶ ಮಾತ್ರ. ಉದ್ದೇಶ ಏನೆಂದು ಹೇಳುವವರೂ ಅವರೇ.

2005ರ ಮೇ ತಿಂಗಳಲ್ಲಿ ಹಡಗು ಏಷ್ಯಾದ ಕಡೆ ಹೊರಟಾಗ, ಅಲ್ಲಿ ಅದನ್ನು ಸರಿಪಡಿಸಿ ಬಳಸುವ ಮಾತು ಜರ್ಮನ್ ಅಧಿಕಾರಿಗಳ ಮುಂದೆ ಬಂದಿತ್ತು. ಟಗ್ ಅದನ್ನು ಮಲೇಷ್ಯಾದ ಪೋರ್ಟ್ ಕ್ಲಾಂಗ್ ಬಳಿ ಬಿಟ್ಟಿತು. ತಿಂಗಳುಗಳಲ್ಲಿ ಅದು ಲೈಬೀರಿಯಾದಲ್ಲಿ ನೋಂದಾಯಿತವಾದ ಒಂದು ಕಂಪನಿಯ ಪಾಲಾಯಿತು. ಹೆಸರು ಬ್ಲೂ ಲೇಡಿ ಆಯಿತು. ಆಮೇಲೆ ಅಲಂಗ್‌ನ ಒಡೆಯುವವರ ಕೈಗೆ. ಒಂದೊಂದು ಮಾರಾಟಕ್ಕೂ ಹಿಂದಿನವರ ಹೊಣೆ ಒಂದೊಂದು ಹೆಜ್ಜೆ ಹಿಂದೆ ಸರಿಯಿತು. 2006ರ ಫೆಬ್ರವರಿಯಲ್ಲಿ ಬಾಂಗ್ಲಾದೇಶ ಈ ಹಡಗು ನಮ್ಮ ದಡಕ್ಕೆ ಬೇಡ ಎಂದಿತು. ತಮ್ಮ ಚಿತ್ತಗಾಂಗ್‌ನಲ್ಲಿ ನೂರಾರು ಹಡಗು ಒಡೆಯುವ ದೇಶವೇ ಹಾಗೆ ಹೇಳಿತು.

ಅದೇ ಫೆಬ್ರವರಿಯಲ್ಲಿ ಮತ್ತೊಂದು ಫ್ರೆಂಚ್ ಹಡಗಿನ ಕಥೆ ನಡೆಯುತ್ತಿತ್ತು. ಫ್ರೆಂಚ್ ನೌಕಾಪಡೆಯ ಹಳೆಯ ವಿಮಾನವಾಹಕ ಕ್ಲೆಮಾನ್ಸೊ ಕೂಡ ಕಲ್ನಾರು ಹೊತ್ತು ಅಲಂಗ್‌ಗೆ ಹೊರಟಿತ್ತು. ಪರಿಸರ ಸಂಘಟನೆಗಳು ಎರಡೂ ದೇಶಗಳಲ್ಲಿ ಪ್ರತಿಭಟಿಸಿದವು. ನಮ್ಮ ಸುಪ್ರೀಂ ಕೋರ್ಟ್ ಅದನ್ನು ಸದ್ಯಕ್ಕೆ ಒಳಗೆ ಬಿಡಬೇಡಿ ಎಂದಿತು. ಕೊನೆಗೆ ಫ್ರಾನ್ಸಿನ ಅಧ್ಯಕ್ಷರು ಹಡಗನ್ನು ವಾಪಸ್ ಕರೆಸಿದರು. ಅಧ್ಯಕ್ಷರು ಯಾರು? ಜಾಕ್ ಶಿರಾಕ್. ಕ್ಲೆಮಾನ್ಸೊವನ್ನು ಆಮೇಲೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಒಡೆದರು.

ಎರಡು ಹಡಗೂ ಫ್ರೆಂಚರು ಕಟ್ಟಿದವು, ಎರಡರಲ್ಲೂ ಕಲ್ನಾರು, ಎರಡರ ಗುರಿಯೂ ಒಂದೇ ದಡ. ಒಂದು ಹಿಂದಕ್ಕೆ ಹೋಯಿತು, ಇನ್ನೊಂದು ಬಂತು. ಯಾಕೆ? ಕ್ಲೆಮಾನ್ಸೊದ ಯಜಮಾನ ಒಂದು ಸರ್ಕಾರ. ಅದಕ್ಕೆ ಹೆಸರು, ವಿಳಾಸ, ಮತದಾರರು, ಮರ್ಯಾದೆ ಎಲ್ಲ ಇತ್ತು. ಬ್ಲೂ ಲೇಡಿಗೆ ಅಂಥ ಯಜಮಾನ ಇರಲಿಲ್ಲ. ಹುಟ್ಟಿದಾಗ ಹೆಸರು ಕೊಟ್ಟ ದೇಶ 1977ರಲ್ಲೇ ಕೈ ತೊಳೆದುಕೊಂಡಿತ್ತು. ದುಡಿಸಿ ಲಾಭ ಮಾಡಿದ ಕಂಪನಿ ಮಾರಿ ಹೋಗಿತ್ತು. ಜರ್ಮನಿಯ ನೀರು ದಾಟಿ ಬಹಳ ದಿನ ಆಗಿತ್ತು. ಒತ್ತಡ ಹಾಕಲು ಯಾರ ಬಾಗಿಲೂ ಇರಲಿಲ್ಲ. ಈ ಪ್ರಕರಣದಲ್ಲಿ ನನಗೆ ಅತಿ ಮುಖ್ಯವಾಗಿ ಕಂಡದ್ದು ಈ ಹೋಲಿಕೆ. ವಿಷದ ಪ್ರಮಾಣ ತೀರ್ಮಾನ ಮಾಡಲಿಲ್ಲ, ಯಜಮಾನರ ಗುರುತು ತೀರ್ಮಾನ ಮಾಡಿತು.

ಸುಪ್ರೀಂ ಕೋರ್ಟಿನ ಮುಂದೆ

2003ರ ಅಕ್ಟೋಬರ್‌ನಲ್ಲೇ ಸುಪ್ರೀಂ ಕೋರ್ಟ್ ಹಡಗು ಒಡೆಯುವ ಬಗ್ಗೆ ಒಂದು ಆದೇಶ ಕೊಟ್ಟಿತ್ತು. ಒಡೆಯಲು ಬರುವ ಹಡಗಿನಲ್ಲಿ ಏನೇನು ಅಪಾಯಕಾರಿ ವಸ್ತು ಇದೆಯೆಂಬ ಪಟ್ಟಿ ಬೇಕು, ಬರುವ ಮೊದಲೇ ಯಜಮಾನರು ಅದನ್ನು ಸ್ವಚ್ಛ ಮಾಡಿರಬೇಕು ಎಂಬುದು ಅದರ ತಿರುಳು. ಬ್ಲೂ ಲೇಡಿ ಹಾಗೆ ಬರಲಿಲ್ಲ. ಕಲ್ನಾರು ಅದರ ಗೋಡೆಗಳಲ್ಲೇ ಇತ್ತು. ಹೊಗೆ ಪತ್ತೆ ಮಾಡುವ ಉಪಕರಣಗಳಲ್ಲಿ ವಿಕಿರಣ ವಸ್ತು ಇದೆಯೆಂಬ ಆರೋಪವೂ ಕೋರ್ಟಿಗೆ ಬಂತು.

2006ರ ಜೂನ್‌ನಲ್ಲಿ ಮುಂಗಾರು ಶುರುವಾಗುವ ಹೊತ್ತಿಗೆ ಹಡಗು ನಮ್ಮ ನೀರಿನ ಹತ್ತಿರ ಬಂದಿತ್ತು. ಎಂಜಿನ್ ಇಲ್ಲದ ಹಡಗು, ಮೇಲೆ ಜನ, ಎದುರಿಗೆ ಮಳೆಗಾಲದ ಅರಬ್ಬೀ ಸಮುದ್ರ. ಮಾನವೀಯ ದೃಷ್ಟಿಯಿಂದ ಲಂಗರು ಹಾಕಲು ಕೋರ್ಟ್ ಒಪ್ಪಿತು. ಹಡಗು ಗುಜರಾತಿನ ಪಿಪಾವಾವ್ ಬಳಿ ನಿಂತಿತು. ಆಗಸ್ಟ್ 15ಕ್ಕೆ ಅಲಂಗ್ ದಡಕ್ಕೆ ಏರಿತು.

ಅಲಂಗ್‌ನ ಗುಟ್ಟೆಲ್ಲ ಅಲ್ಲಿನ ಉಬ್ಬರ ಇಳಿತದಲ್ಲಿದೆ. ಖಂಭಾತ್ ಕೊಲ್ಲಿಯಲ್ಲಿ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ಹತ್ತು ಮೀಟರ್‌ನಷ್ಟು ಅಂತರ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನ ಉಬ್ಬರಕ್ಕೆ ಹಡಗನ್ನು ದಡದ ಕಡೆ ನುಗ್ಗಿಸಿದರೆ ನೀರು ಇಳಿದಾಗ ಅದು ಕೆಸರಿನ ಮೇಲೆ ಕೂತಿರುತ್ತದೆ. ಡ್ರೈ ಡಾಕ್ (ನೀರು ಖಾಲಿ ಮಾಡಬಹುದಾದ ಹಡಗುಕಟ್ಟೆ) ಬೇಡ, ಕ್ರೇನ್ ಕಟ್ಟೆ ಬೇಡ. ಅದೇ ಕಾರಣಕ್ಕೆ 1983ರಿಂದ ಅಲ್ಲಿ ಈ ಉದ್ಯಮ ಬೆಳೆಯಿತು. ಆದರೆ ಸತ್ತ ಹಡಗು ಒಮ್ಮೆ ದಡ ಹತ್ತಿ ಕೂತರೆ ಮತ್ತೆ ನೀರಿಗೆ ಎಳೆಯುವುದು ಆಗದ ಮಾತು. ಕೋರ್ಟ್ ಒಡೆಯಬಹುದೇ ಬೇಡವೇ ಎಂದು ವಾದ ಕೇಳುತ್ತಿದ್ದಾಗ ಹಡಗು ಆಗಲೇ ಕೆಸರಿನಲ್ಲಿತ್ತು. ವಾದದ ಅರ್ಧ ಬಲ ಅಲ್ಲೇ ಹೋಗಿತ್ತು.

ಒಡೆಯಬಾರದು ಎಂದವರಲ್ಲಿ ಪರಿಸರ ಕಾರ್ಯಕರ್ತರ ಜೊತೆ ಆಸುಪಾಸಿನ ಹಳ್ಳಿಗಳ ಪರವಾಗಿ ಒಬ್ಬ ಸರಪಂಚರೂ ಇದ್ದರು. ಕಲ್ನಾರಿನ ಧೂಳು ಗಾಳಿಯಲ್ಲಿ ತಮ್ಮ ಮನೆಗೂ ಬರುತ್ತದೆ ಎಂಬುದು ಅವರ ಭಯ. ಕೋರ್ಟ್ ತಾಂತ್ರಿಕ ತಜ್ಞರ ಸಮಿತಿಯ ವರದಿ ತರಿಸಿಕೊಂಡಿತು. ಕಲ್ನಾರಿನ ಬಹುಪಾಲು ಗೋಡೆಯ ಹಲಗೆಗಳ ರೂಪದಲ್ಲಿದೆ, ಸುರಕ್ಷಿತವಾಗಿ ತೆಗೆಯಬಹುದು ಎಂದು ಸಮಿತಿ ಹೇಳಿತು. 2007ರ ಸೆಪ್ಟೆಂಬರ್‌ನಲ್ಲಿ ನ್ಯಾಯಮೂರ್ತಿಗಳಾದ ಅರಿಜಿತ್ ಪಸಾಯತ್ ಮತ್ತು ಎಸ್.ಎಚ್. ಕಪಾಡಿಯಾ ಅವರ ಪೀಠ ಷರತ್ತುಗಳೊಡನೆ ಒಡೆಯಲು ಅನುಮತಿ ಕೊಟ್ಟಿತು. ಹಡಗಿನಿಂದ 41,000 ಟನ್ ಉಕ್ಕು ಸಿಗುತ್ತದೆ, 700 ಕೂಲಿಗಳಿಗೆ ಕೆಲಸ ಸಿಗುತ್ತದೆ, ಅಷ್ಟು ಅದಿರು ಅಗೆಯುವುದು ತಪ್ಪುತ್ತದೆ ಎಂಬ ಲೆಕ್ಕ ತೀರ್ಪಿನಲ್ಲಿದೆ. ಅಭಿವೃದ್ಧಿಯನ್ನೂ ಪರಿಸರವನ್ನೂ ತಕ್ಕಡಿಯಲ್ಲಿಟ್ಟು ತೂಗಬೇಕು ಎಂಬುದು ಪೀಠದ ನಿಲುವು.

ಆ ತಕ್ಕಡಿಯ ಬಗ್ಗೆ ನನಗೆ ತಕರಾರಿದೆ. ಉಕ್ಕು ಸುಳ್ಳಲ್ಲ. ಅಲಂಗ್‌ನ ಉಕ್ಕು ಸುತ್ತಮುತ್ತಲಿನ ರೋಲಿಂಗ್ ಮಿಲ್‌ಗಳಿಗೆ ಹೋಗಿ ಕಟ್ಟಡದ ಕಂಬಿಯಾಗುತ್ತದೆ. ಕೆಲಸವೂ ಸುಳ್ಳಲ್ಲ. ಒಡಿಶಾ, ಬಿಹಾರ, ಉತ್ತರ ಪ್ರದೇಶ, ಜಾರ್ಖಂಡ್‌ಗಳಿಂದ ಬಂದ ಸಾವಿರಾರು ಜನ ಅಲ್ಲಿ ಗ್ಯಾಸ್ ಕಟರ್ ಹಿಡಿದು ಮನೆಗೆ ದುಡ್ಡು ಕಳಿಸುತ್ತಾರೆ. ಅವರ ಕೆಲಸ ಕಿತ್ತುಕೊಳ್ಳಿ ಎಂದು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಕೂತು ಹೇಳುವುದು ಸುಲಭ, ನ್ಯಾಯವಲ್ಲ. ತಕರಾರು ಬೇರೆ ಕಡೆ ಇದೆ. ತಕ್ಕಡಿಯ ಒಂದು ತಟ್ಟೆಯಲ್ಲಿದ್ದದ್ದು ತಕ್ಷಣ ಕೈಗೆ ಸಿಗುವ ಲಾಭ. ಇನ್ನೊಂದರಲ್ಲಿದ್ದದ್ದು ತಡವಾಗಿ ಬರುವ ರೋಗ. ಕಲ್ನಾರಿನ ಎಳೆ ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಹಿಡಿಯಬಹುದು. ಅಷ್ಟು ಹೊತ್ತಿಗೆ ಆ ಕೂಲಿ ತನ್ನ ಊರಿಗೆ ಹಿಂದಿರುಗಿರುತ್ತಾನೆ. ಎದೆನೋವೆಂದು ಅಲ್ಲಿನ ಆಸ್ಪತ್ರೆಗೆ ಹೋದಾಗ ಯಾವ ಹಡಗು ಎಂದು ಯಾರು ಕೇಳುತ್ತಾರೆ? ಕಾಣುವ ಉಕ್ಕನ್ನು ತೂಗಬಹುದು. ಹೀಗೆ ಚದುರಿಹೋಗುವ ರೋಗವನ್ನು ತೂಗಲು ಕೋರ್ಟಿನ ಬಳಿ ಕಲ್ಲೇ ಇರಲಿಲ್ಲ. ಅದೇ ಫ್ರಾನ್ಸ್ 1997ರಲ್ಲೇ ತನ್ನ ನೆಲದಲ್ಲಿ ಕಲ್ನಾರನ್ನು ನಿಷೇಧಿಸಿತ್ತು.

ಇನ್ನೊಂದು ಮಾತು. 2003ರ ಆದೇಶ ಯಜಮಾನರು ಮೊದಲೇ ಸ್ವಚ್ಛ ಮಾಡಲಿ ಎಂದಿತ್ತು. 2007ರ ತೀರ್ಪು ಬಂದ ಮೇಲೆ ಆ ಖರ್ಚು, ಆ ಅಪಾಯ ಎರಡೂ ಅಲಂಗ್‌ನಲ್ಲೇ ಉಳಿದವು. ಆದೇಶ ಇದ್ದೂ ಕೈಗೆ ಬರಲಿಲ್ಲ.

ಕತ್ತರಿಸಿದ್ದು, ಹರಾಜಾದದ್ದು

2008ರಲ್ಲಿ ಹಡಗಿನ ಕೆಲಸ ಜೋರಾಗಿ ನಡೆಯಿತು. ಮೇಲಿನಿಂದ ಕೆಳಕ್ಕೆ, ಮುಂದಿನಿಂದ ಹಿಂದಕ್ಕೆ. ಕ್ಯಾಬಿನ್‌ಗಳ ಹಾಸಿಗೆ, ಕುರ್ಚಿ, ತಟ್ಟೆ, ಕನ್ನಡಿ ಅಲಂಗ್ ರಸ್ತೆಯ ಅಂಗಡಿಗಳಿಗೆ ಹೋಗುವುದು ಅಲ್ಲಿ ಎಲ್ಲ ಹಡಗುಗಳಿಗೂ ಇರುವ ಪದ್ಧತಿ. ಬೆಲೆ ಬಾಳುವ ಕಲಾವಸ್ತುಗಳು ಪ್ಯಾರಿಸ್ ಕಡೆ ಹೋದವು. 2009ರ ಫೆಬ್ರವರಿಯಲ್ಲಿ ಪ್ಯಾರಿಸ್‌ನಲ್ಲಿ ಹಡಗಿನ ವಸ್ತುಗಳ ಹರಾಜಾಯಿತು. ಅದರ ಮೂತಿಯ ತುದಿಯನ್ನು ಅಲಂಗ್‌ನಲ್ಲಿ ಕತ್ತರಿಸಿ ಸಾಗಿಸಿದ್ದರು. ಆ ಒಂದು ತುಂಡು ಉಕ್ಕು ಎರಡೂವರೆ ಲಕ್ಷ ಯೂರೋಗೂ ಹೆಚ್ಚಿಗೆ ಹೋಯಿತು. 2018ರಲ್ಲಿ ಅದು ಲೆ ಹಾವ್ರ್‌ಗೆ ತಲುಪಿ ಬಂದರಿನ ಅಂಚಿನಲ್ಲಿ ನಿಂತಿತು. ಆ ಊರಿನವರ ಪ್ರೀತಿ ನಿಜವಾದದ್ದು. ಅವರಲ್ಲಿ ಎಷ್ಟೋ ಮನೆಗಳ ಅಪ್ಪ ಅಜ್ಜಂದಿರು ಆ ಹಡಗಿನಲ್ಲಿ ದುಡಿದವರು, 1974ರಲ್ಲಿ ಅದಕ್ಕಾಗಿ ಜಗಳವಾಡಿದವರು. ಆದರೆ ಹಡಗಿನಲ್ಲಿ ನೆನಪಾಗಿ ಇಟ್ಟುಕೊಳ್ಳಬಹುದಾದದ್ದು ಫ್ರಾನ್ಸಿಗೆ ಹಿಂದಿರುಗಿತು, ಇಟ್ಟುಕೊಳ್ಳಲಾಗದ್ದು ಗುಜರಾತಿನಲ್ಲೇ ಉಳಿಯಿತು.

ಆಮೇಲೆ ಕಾನೂನು ಸ್ವಲ್ಪ ಮುಂದೆ ಬಂದಿದೆ. ಹಡಗು ಒಡೆಯುವ ಬಗ್ಗೆ 2009ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತ 2019ರಲ್ಲಿ ಅದನ್ನು ಒಪ್ಪಿ, ಅದೇ ವರ್ಷ ಹಡಗು ಮರುಬಳಕೆಯ ಕಾಯ್ದೆಯನ್ನೂ ತಂದಿತು. ಒಪ್ಪಂದ ಜಾರಿಗೆ ಬಂದದ್ದು 2025ರ ಜೂನ್ 26ರಂದು. ಈಗ ದೊಡ್ಡ ಹಡಗುಗಳು ತಮ್ಮಲ್ಲಿರುವ ಅಪಾಯಕಾರಿ ವಸ್ತುಗಳ ಪಟ್ಟಿಯನ್ನು ದುಡಿಯುವ ಕಾಲದಲ್ಲೇ ಇಟ್ಟುಕೊಳ್ಳಬೇಕು. ಇದು ದೊಡ್ಡ ಹೆಜ್ಜೆ. ಬ್ಲೂ ಲೇಡಿಗೆ ಇಂಥ ಪಟ್ಟಿ ಇದ್ದಿದ್ದರೆ ಎಷ್ಟು ಕಲ್ನಾರು, ಎಲ್ಲಿದೆ ಎಂದು ಕೋರ್ಟಿನಲ್ಲಿ ವಾದ ಮಾಡುವ ಅಗತ್ಯವೇ ಬೀಳುತ್ತಿರಲಿಲ್ಲ. ಅಲಂಗ್‌ನ ಹಲವು ಪ್ಲಾಟ್‌ಗಳಲ್ಲಿ ಕಾಂಕ್ರೀಟ್ ನೆಲ, ಕ್ರೇನ್, ತರಬೇತಿ ಬಂದಿವೆ.

ಆದರೆ ಹೊಸ ಒಪ್ಪಂದ ಹಡಗನ್ನು ದಡಕ್ಕೇರಿಸಿ ಒಡೆಯುವುದನ್ನು ನಿಷೇಧಿಸಿಲ್ಲ. ಹೊರಡುವ ಮೊದಲೇ ಕಲ್ನಾರು ತೆಗೆಯಬೇಕೆಂದು ಹಳೆಯ ಯಜಮಾನರನ್ನು ಕಟ್ಟಿಹಾಕುವುದೂ ಇಲ್ಲ. ಕೊನೆಯ ಕೆಲವು ತಿಂಗಳಿಗೆ ಹೆಸರು ಬದಲಿಸಿ, ಧ್ವಜ ಬದಲಿಸಿ, ಮಧ್ಯವರ್ತಿ ಕಂಪನಿಗೆ ಮಾರುವ ರೂಢಿ ಹಡಗು ವ್ಯಾಪಾರದಲ್ಲಿ ಈಗಲೂ ನಡೆಯುತ್ತಿದೆ. ಹೊಣೆಯನ್ನು ಕೊನೆಯ ಯಜಮಾನರ ಮೇಲೆ ಹಾಕದೆ, ಹಡಗನ್ನು ಅತಿ ಹೆಚ್ಚು ಕಾಲ ದುಡಿಸಿದವರ ಮೇಲೆ ಹಾಕಬೇಕು. ಹಡಗು ದುಡಿಯುತ್ತಿರುವಾಗಲೇ ಪ್ರತಿ ಪ್ರಯಾಣದಿಂದ ಒಂದಿಷ್ಟು ಹಣ ತೆಗೆದಿಟ್ಟು, ಕೊನೆಗೆ ಅದನ್ನು ಸ್ವಚ್ಛ ಮಾಡಲು ಬಳಸುವ ನಿಧಿಯ ಯೋಚನೆ ಯುರೋಪಿನಲ್ಲಿ ಚರ್ಚೆಗೆ ಬಂದಿತ್ತು, ಕಾನೂನಾಗಲಿಲ್ಲ. ನಾರ್ವೆ ಹಡಗು ಮಯಾಮಿಯಿಂದ ವಾರವಾರ ಹೊರಟ ಆ ಇಪ್ಪತ್ತಮೂರು ವರ್ಷಗಳಲ್ಲಿ ಪ್ರತಿ ಟಿಕೆಟ್ಟಿನಿಂದ ಒಂದೆರಡು ಡಾಲರ್ ಬದಿಗಿಟ್ಟಿದ್ದರೂ, ಅದರ ಗೋಡೆಗಳಿಂದ ಕಲ್ನಾರು ತೆಗೆಯುವ ಖರ್ಚಿಗೆ ಒಂದಿಷ್ಟು ಹಣ ಹುಟ್ಟುತ್ತಿತ್ತು.